ಸತ್ಯ ಪರಿಶೀಲನೆ: ಕ್ರಿಮಿನಲ್ ಕೇಸ್ ಮುಗಿಯುವವರೆಗೆ ಸಂತ್ರಸ್ತರಿಗೆ ಪರಿಹಾರ ಸಿಗುವುದಿಲ್ಲವೇ?

ತ್ವರಿತ ನೋಟ

ಅಪರಾಧಕ್ಕೆ ಗುರಿಯಾದವರು ಕೋರ್ಟ್ ತೀರ್ಪು ಬರುವವರೆಗೆ ಒಂದು ರೂಪಾಯಿ ಪರಿಹಾರವನ್ನೂ ಕೇಳುವಂತಿಲ್ಲ, ಕೇಳಿದರೆ ಕೇಸ್ ಬಿದ್ದುಹೋಗುತ್ತದೆ, ಆರೋಪಿ ಖುಲಾಸೆಯಾದರೆ ಪಡೆದ ಹಣವನ್ನು ವಾಪಸ್ ಕೊಡಬೇಕು ಎಂಬ ಮಾತು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಓಡಾಡುತ್ತದೆ. ನಾವು ಕಾನೂನು, ಪರಿಹಾರ ಯೋಜನೆಗಳು ಮತ್ತು ಸುಪ್ರೀಂ ಕೋರ್ಟ್ ತೀರ್ಪುಗಳ ಆಧಾರದಲ್ಲಿ ಇದನ್ನು ಪರಿಶೀಲಿಸಿದೆವು. ಈ ಮಾತು ಬಹುಪಾಲು ತಪ್ಪು. ಕೆಲವು ಬಗೆಯ ಪರಿಹಾರ ಮಾತ್ರ ತೀರ್ಪಿಗಾಗಿ ಕಾಯುತ್ತದೆ. ಉಳಿದವು ಎಫ್‌ಐಆರ್ ಆದ ಕೂಡಲೇ ಶುರುವಾಗುತ್ತವೆ.

ಹೇಳಿಕೆ ಏನು?

ಇಂಥ ಸಂದೇಶಗಳಲ್ಲಿ ಸಾಮಾನ್ಯವಾಗಿ ಮೂರು ಮಾತುಗಳಿರುತ್ತವೆ. ಒಂದು, ಕೇಸ್ ನಡೆಯುತ್ತಿರುವಾಗ ಪರಿಹಾರಕ್ಕೆ ಅರ್ಜಿ ಹಾಕುವಂತಿಲ್ಲ. ಎರಡು, ಹಣ ಪಡೆದರೆ ಆರೋಪಿಯ ಜೊತೆ ರಾಜಿ ಮಾಡಿಕೊಂಡಂತೆ. ಮೂರು, ಆರೋಪಿ ಖುಲಾಸೆಯಾದರೆ ಎಲ್ಲವನ್ನೂ ಬಡ್ಡಿ ಸಮೇತ ಹಿಂತಿರುಗಿಸಬೇಕು.

ಇದನ್ನು ಓದುವವರ ಮನೆಯ ಪರಿಸ್ಥಿತಿಯನ್ನು ಒಮ್ಮೆ ಯೋಚಿಸಿ. ದುಡಿಯುವ ಮಗ ಹಲ್ಲೆಯಲ್ಲಿ ಗಾಯಗೊಂಡು ಆಸ್ಪತ್ರೆಯಲ್ಲಿದ್ದಾನೆ. ದಿನಕ್ಕೊಂದು ಬಿಲ್ ಬರುತ್ತಿದೆ. ಕೇಸ್ ಮುಗಿಯಲು ಎಷ್ಟು ವರ್ಷ ಬೇಕೋ ಯಾರಿಗೂ ಗೊತ್ತಿಲ್ಲ. ಆ ಹೊತ್ತಿನಲ್ಲಿ ‘ತೀರ್ಪು ಬರಲಿ, ಆಮೇಲೆ ನೋಡೋಣ’ ಎಂದು ಸುಮ್ಮನಾದರೆ ಎರಡು ನಷ್ಟ. ತಕ್ಷಣ ಸಿಗಬೇಕಾದ ನೆರವು ಸಿಗುವುದಿಲ್ಲ. ಜೊತೆಗೆ, ಕೆಲವು ಪರಿಹಾರಗಳಿಗೆ ಅರ್ಜಿ ಹಾಕುವ ಗಡುವೇ ಮುಗಿದುಹೋಗುತ್ತದೆ. ಆದ್ದರಿಂದ ಈ ತಪ್ಪು ಮಾಹಿತಿಯನ್ನು ಸಣ್ಣದೆಂದು ಬಿಡುವಂತಿಲ್ಲ.

ಶಿಕ್ಷೆ ಬೇರೆ, ಪರಿಹಾರ ಬೇರೆ: ಏನಿದು ವ್ಯತ್ಯಾಸ?

ಕ್ರಿಮಿನಲ್ ಕೇಸ್ ನಡೆಸುವುದು ಸರ್ಕಾರ. ಆರೋಪಿ ತಪ್ಪಿತಸ್ಥನೇ, ಅವನಿಗೆ ಶಿಕ್ಷೆ ಕೊಡಬೇಕೇ ಎಂಬುದು ಅಲ್ಲಿನ ಪ್ರಶ್ನೆ. ಪರಿಹಾರದ ಪ್ರಶ್ನೆ ಬೇರೆ. ಅಪರಾಧದಿಂದ ಒಬ್ಬ ವ್ಯಕ್ತಿಗೆ ಅಥವಾ ಕುಟುಂಬಕ್ಕೆ ಆದ ನಷ್ಟವನ್ನು ಎಷ್ಟು ಮತ್ತು ಯಾರು ತುಂಬಿಕೊಡಬೇಕು ಎಂಬುದು ಅಲ್ಲಿ ಮುಖ್ಯ.

ಈ ಹಣ ಬರುವ ದಾರಿಗಳು ಮೂರು: ಆರೋಪಿಯಿಂದ, ಸರ್ಕಾರದ ನಿಧಿಯಿಂದ, ಇಲ್ಲವೇ ವಿಮಾ ಕಂಪನಿಯಿಂದ. ಫಾರ್ವರ್ಡ್ ಸಂದೇಶ ಈ ಮೂರನ್ನೂ ಒಂದೇ ಎಂದುಕೊಂಡಿದೆ. ಗೊಂದಲದ ಮೂಲ ಇದೇ.

ಯಾವ ಪರಿಹಾರ ತೀರ್ಪಿಗಾಗಿ ಕಾಯುತ್ತದೆ?

ಸಂದೇಶದಲ್ಲಿರುವ ಅಲ್ಪ ಸತ್ಯ ಇಲ್ಲಿದೆ. ಆರೋಪಿಗೆ ಶಿಕ್ಷೆಯಾದಾಗ, ಅವನು ಕಟ್ಟುವ ದಂಡದ ಹಣದಿಂದ ಸಂತ್ರಸ್ತರಿಗೆ ಪರಿಹಾರ ಕೊಡುವಂತೆ ಕೋರ್ಟ್ ಆದೇಶಿಸಬಹುದು. ದಂಡ ವಿಧಿಸದಿದ್ದರೂ ಅಪರಾಧಿಯೇ ಪರಿಹಾರ ಕೊಡಬೇಕೆಂದು ಹೇಳಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು ಸೆಕ್ಷನ್ 357 ಆಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಸೆಕ್ಷನ್ 395 ಆಗಿದೆ.

ಇದು ಶಿಕ್ಷೆಯ ನಂತರದ ಮಾತು. ದಂಡದ ಹಣದಿಂದ ಕೊಡುವ ಪರಿಹಾರವನ್ನು ಮೇಲ್ಮನವಿಯ ಅವಧಿ ಮುಗಿಯುವವರೆಗೆ, ಮೇಲ್ಮನವಿ ಸಲ್ಲಿಸಿದ್ದರೆ ಅದು ಇತ್ಯರ್ಥವಾಗುವವರೆಗೆ ಪಾವತಿಸುವಂತಿಲ್ಲ. ‘ತೀರ್ಪು ಬರುವವರೆಗೆ ಹಣ ಇಲ್ಲ’ ಎಂಬ ಮಾತು ಹೊಂದುವುದು ಈ ಒಂದು ಬಗೆಗೆ ಮಾತ್ರ.

ಶಿಕ್ಷೆಯಾದ ಕೇಸುಗಳಲ್ಲಿಯೂ ಎಷ್ಟೋ ಬಾರಿ ಪರಿಹಾರದ ವಿಷಯ ಚರ್ಚೆಗೇ ಬರುತ್ತಿರಲಿಲ್ಲ. ಅದಕ್ಕಾಗಿ 2013ರಲ್ಲಿ ಅಂಕುಶ್ ಶಿವಾಜಿ ಗಾಯಕ್ವಾಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರತಿ ಕ್ರಿಮಿನಲ್ ಕೇಸಿನಲ್ಲಿಯೂ ಕೋರ್ಟ್‌ಗಳು ಪರಿಹಾರದ ಬಗ್ಗೆ ಯೋಚಿಸಲೇಬೇಕು ಎಂದು ಹೇಳಿತು.

ಹಾಗಾದರೆ ಕೇಸ್ ನಡೆಯುತ್ತಿರುವಾಗಲೇ ಸಿಗುವುದು ಯಾವುದು?

ಸರ್ಕಾರದ ಸಂತ್ರಸ್ತ ಪರಿಹಾರ ಯೋಜನೆಯ ಹಣ. 2009ರ ಡಿಸೆಂಬರ್ 31ರಂದು ಜಾರಿಗೆ ಬಂದ ತಿದ್ದುಪಡಿಯ ಮೂಲಕ ಸೆಕ್ಷನ್ 357ಎ ಸೇರಿತು. ಈಗ ಅದು ಹೊಸ ಸಂಹಿತೆಯ ಸೆಕ್ಷನ್ 396. ಪ್ರತಿ ರಾಜ್ಯವೂ ಇಂಥ ಯೋಜನೆ ಮಾಡಬೇಕು ಎಂದು ಅದು ಹೇಳುತ್ತದೆ. ನಮ್ಮಲ್ಲಿ 2011ರ ಕರ್ನಾಟಕ ಸಂತ್ರಸ್ತ ಪರಿಹಾರ ಯೋಜನೆ ಇದೆ. ಹಣ ಎಷ್ಟು ಎಂದು ತೀರ್ಮಾನಿಸುವುದು ಜಿಲ್ಲಾ ಅಥವಾ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ.

ಈ ಸೆಕ್ಷನ್‌ನಲ್ಲಿ ಸಂತ್ರಸ್ತರು ತಿಳಿದಿರಬೇಕಾದ ಅಂಶಗಳು ಹೀಗಿವೆ.

• ಆರೋಪಿ ಯಾರೆಂದೇ ಗೊತ್ತಾಗದಿದ್ದರೂ, ವಿಚಾರಣೆಯೇ ನಡೆಯದಿದ್ದರೂ ಸಂತ್ರಸ್ತರು ಅಥವಾ ಅವರ ಅವಲಂಬಿತರು ನೇರವಾಗಿ ಅರ್ಜಿ ಹಾಕಬಹುದು.
• ಪ್ರಾಧಿಕಾರ ಎರಡು ತಿಂಗಳೊಳಗೆ ವಿಚಾರಣೆ ಮುಗಿಸಿ ಪರಿಹಾರ ನಿರ್ಧರಿಸಬೇಕು.
• ಠಾಣಾಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಕೊಡುವ ಪ್ರಮಾಣಪತ್ರದ ಮೇಲೆ ತಕ್ಷಣ ಉಚಿತ ಚಿಕಿತ್ಸೆ ಅಥವಾ ಬೇರೆ ಮಧ್ಯಂತರ ನೆರವು ಕೊಡಿಸಬಹುದು.
• ಆರೋಪಿ ಖುಲಾಸೆಯಾದರೂ, ಸಂತ್ರಸ್ತರಿಗೆ ಪುನರ್ವಸತಿ ಬೇಕೆನಿಸಿದರೆ ಕೋರ್ಟ್ ಪರಿಹಾರಕ್ಕೆ ಶಿಫಾರಸು ಮಾಡಬಹುದು.

ಕೊನೆಯ ಅಂಶವನ್ನು ಇನ್ನೊಮ್ಮೆ ಓದಿ. ಖುಲಾಸೆಯಾದರೂ ಪರಿಹಾರ ಕೊಡಬಹುದು ಎಂದು ಕಾನೂನೇ ಹೇಳಿರುವಾಗ, ಪರಿಹಾರಕ್ಕೆ ಶಿಕ್ಷೆ ಆಗಲೇಬೇಕು ಎಂಬ ಮಾತಿಗೆ ಆಧಾರವಿಲ್ಲ.

ಆರೋಪಿ ಸಿಕ್ಕಿದ್ದು ಕೇಸ್ ಇನ್ನೂ ನಡೆಯುತ್ತಿದ್ದರೆ? 2014ರ ಸುರೇಶ್ ವಿರುದ್ಧ ಹರಿಯಾಣ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಅಪರಾಧ ನಡೆದಿದೆ ಎನ್ನಲು ಆಧಾರವಿದೆಯೇ, ಸಂತ್ರಸ್ತರು ಯಾರು, ಅವರಿಗೆ ತಕ್ಷಣ ಹಣದ ನೆರವು ಬೇಕೇ ಎಂಬುದನ್ನು ಕೇಸ್ ಕೈಗೆತ್ತಿಕೊಂಡಾಗಲೇ ಕೋರ್ಟ್ ನೋಡಬೇಕು. ಬೇಕೆನಿಸಿದರೆ ಮಧ್ಯಂತರ ಪರಿಹಾರಕ್ಕೆ ಆದೇಶಿಸಬೇಕು. ಅಂತಿಮ ಮೊತ್ತ ತಡವಾಗಬಹುದು, ಆದರೆ ಮಧ್ಯಂತರ ಪರಿಹಾರ ತೀರ್ಪಿಗಾಗಿ ಕಾಯಬೇಕಿಲ್ಲ.

ಮಹಿಳೆಯರಿಗೆ ಎಷ್ಟು ಪರಿಹಾರ?

ಲೈಂಗಿಕ ದೌರ್ಜನ್ಯ ಮತ್ತಿತರ ಅಪರಾಧಗಳಿಗೆ ಗುರಿಯಾದ ಮಹಿಳೆಯರಿಗಾಗಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ, ಅಂದರೆ ನಾಲ್ಸಾ, 2018ರಲ್ಲಿ ಪ್ರತ್ಯೇಕ ಯೋಜನೆ ರೂಪಿಸಿತು. ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ರಾಜ್ಯಗಳು ಇದಕ್ಕೆ ಹೆಚ್ಚಿನದನ್ನು ಸೇರಿಸಬಹುದು, ಇದರಲ್ಲಿ ಇರುವುದನ್ನು ತೆಗೆಯುವಂತಿಲ್ಲ.

ಈ ಯೋಜನೆಯಲ್ಲಿ ಸಾವು ಸಂಭವಿಸಿದರೆ 5ರಿಂದ 10 ಲಕ್ಷ ರೂಪಾಯಿ, ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ, ಆಸಿಡ್ ದಾಳಿಯಲ್ಲಿ ಮುಖ ವಿರೂಪಗೊಂಡರೆ 7ರಿಂದ 8 ಲಕ್ಷ ಎಂದಿದೆ. ಅರ್ಜಿ ಬಂದ ಕೂಡಲೇ 5,000 ರೂಪಾಯಿ, ಅಗತ್ಯವಿದ್ದರೆ 10,000ದವರೆಗೆ ಕೊಡಬೇಕು. ಮಧ್ಯಂತರ ಪರಿಹಾರ ಕೊಡುವುದಾದರೆ ಅದು ಗರಿಷ್ಠ ಮೊತ್ತದ ಕಾಲುಭಾಗಕ್ಕಿಂತ ಕಡಿಮೆ ಇರಬಾರದು. ಆಸಿಡ್ ದಾಳಿಯಲ್ಲಿ 1 ಲಕ್ಷ ರೂಪಾಯಿಯನ್ನು 15 ದಿನಗಳಲ್ಲಿ ಪಾವತಿಸಬೇಕು.

ಚಿಕಿತ್ಸೆಗೆ ಇನ್ನೂ ಕಟ್ಟುನಿಟ್ಟಿನ ನಿಯಮವಿದೆ. ಆಸಿಡ್ ದಾಳಿ ಮತ್ತು ಅತ್ಯಾಚಾರದ ಸಂತ್ರಸ್ತರಿಗೆ ಸರ್ಕಾರಿ ಆಗಲಿ, ಖಾಸಗಿ ಆಗಲಿ ಎಲ್ಲ ಆಸ್ಪತ್ರೆಗಳೂ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕು. ಹೊಸ ಸಂಹಿತೆಯ ಸೆಕ್ಷನ್ 397 ಪೋಕ್ಸೊ ಪ್ರಕರಣಗಳ ಮಕ್ಕಳನ್ನೂ ಇದರೊಳಗೆ ತಂದಿದೆ. ‘ಮೊದಲು ಹಣ ಕಟ್ಟಿ’ ಎಂದು ಚಿಕಿತ್ಸೆ ನಿರಾಕರಿಸುವುದು ಅಪರಾಧ.

ಮಕ್ಕಳು, ದಲಿತರು, ಆದಿವಾಸಿಗಳಿಗೆ ಬೇರೆ ನಿಯಮ ಇದೆಯೇ?

ಹೌದು. ಪೋಕ್ಸೊ ಕಾಯ್ದೆಯ 2020ರ ನಿಯಮಗಳ ಪ್ರಕಾರ, ಎಫ್‌ಐಆರ್ ದಾಖಲಾದ ನಂತರ ಯಾವುದೇ ಹಂತದಲ್ಲಿ ವಿಶೇಷ ಕೋರ್ಟ್ ಮಗುವಿಗೆ ಮಧ್ಯಂತರ ಪರಿಹಾರ ಕೊಡಿಸಬಹುದು. ಆದೇಶ ತಲುಪಿದ 30 ದಿನಗಳಲ್ಲಿ ಸರ್ಕಾರ ಹಣ ಪಾವತಿಸಬೇಕು. ಊಟ, ಬಟ್ಟೆ, ಓಡಾಟದಂಥ ತುರ್ತು ಖರ್ಚಿಗೆ ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಿದರೆ ಒಂದು ವಾರದಲ್ಲಿ ಹಣ ಸಿಗಬೇಕು.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರ ಮೇಲಿನ ದೌರ್ಜನ್ಯ ಪ್ರಕರಣಗಳಲ್ಲಿ ಹಣವನ್ನು ಕೇಸಿನ ಹಂತಗಳಿಗೆ ತಕ್ಕಂತೆ ಕೊಡಲಾಗುತ್ತದೆ. 2016ರ ತಿದ್ದುಪಡಿಯ ನಿಯಮಗಳಲ್ಲಿ ಪರಿಹಾರ 85,000 ರೂಪಾಯಿಯಿಂದ 8.25 ಲಕ್ಷದವರೆಗೆ ಇದೆ. ಕೊಲೆ ಪ್ರಕರಣದಲ್ಲಿ ಅರ್ಧ ಹಣ ಮರಣೋತ್ತರ ಪರೀಕ್ಷೆಯ ನಂತರ, ಉಳಿದರ್ಧ ಚಾರ್ಜ್‌ಶೀಟ್ ಕೋರ್ಟ್‌ಗೆ ಹೋದಾಗ. ಅಂದರೆ ವಿಚಾರಣೆ ಶುರುವಾಗುವ ಮೊದಲೇ ಪೂರ್ತಿ ಹಣ ಕುಟುಂಬಕ್ಕೆ ಸೇರಬೇಕು. ಕರ್ನಾಟಕದಲ್ಲಿ ಇದಕ್ಕೆ ಸಮಾಜ ಕಲ್ಯಾಣ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬೇಕು.

ರಸ್ತೆ ಅಪಘಾತವಾದರೆ?

ಗೊಂದಲ ಹೆಚ್ಚಾಗಿ ಕಾಣುವುದು ಇಲ್ಲೇ. ಚಾಲಕನ ಮೇಲಿನ ಕ್ರಿಮಿನಲ್ ಕೇಸ್ ಮ್ಯಾಜಿಸ್ಟ್ರೇಟ್ ಕೋರ್ಟ್‌ನಲ್ಲಿ ನಡೆಯುತ್ತದೆ. ಪರಿಹಾರದ ಅರ್ಜಿ ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುತ್ತದೆ. ಒಂದು ಇನ್ನೊಂದಕ್ಕಾಗಿ ಕಾಯುವುದಿಲ್ಲ. ಚಾಲಕ ಕ್ರಿಮಿನಲ್ ಕೇಸಿನಲ್ಲಿ ಖುಲಾಸೆಯಾದ ಮಾತ್ರಕ್ಕೆ ಪರಿಹಾರ ತಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲಿಯೇ ಹೇಳಿದೆ.

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 166 ಈ ಅರ್ಜಿಗೆ ಆರು ತಿಂಗಳ ಗಡುವು ಹೇಳುತ್ತದೆ. ಆದ್ದರಿಂದ ‘ಕೇಸ್ ಮುಗಿಯಲಿ’ ಎಂದು ಕಾಯುವುದು ಇಲ್ಲಿ ತುಂಬಾ ದುಬಾರಿಯಾಗಬಹುದು. ಡಿಕ್ಕಿ ಹೊಡೆದ ವಾಹನ ಪತ್ತೆಯಾಗದೇ ಹೋದರೆ 2022ರ ಹಿಟ್ ಅಂಡ್ ರನ್ ಯೋಜನೆಯಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ.

ಆರೋಪಿಯ ಮೇಲೆ ನಾವೇ ಸಿವಿಲ್ ದಾವೆ ಹೂಡಬಹುದೇ?

ಹೂಡಬಹುದು. ಸಿವಿಲ್ ದಾವೆ ಮತ್ತು ಕ್ರಿಮಿನಲ್ ಕೇಸ್ ಒಟ್ಟಿಗೆ ನಡೆಯಬಾರದು ಎಂಬ ಕಟ್ಟುನಿಟ್ಟಿನ ನಿಯಮ ಇಲ್ಲ. ಎರಡೂ ಒಟ್ಟಿಗೆ ಬಂದಾಗ ಸಾಮಾನ್ಯವಾಗಿ ಕ್ರಿಮಿನಲ್ ಕೇಸಿಗೆ ಆದ್ಯತೆ ಕೊಡಬೇಕು, ಆದರೆ ಅದು ಆಯಾ ಪ್ರಕರಣಕ್ಕೆ ಬಿಟ್ಟದ್ದು ಎಂದು 1954ರ ಎಂ.ಎಸ್. ಷರೀಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಸಿವಿಲ್ ಕೋರ್ಟ್ ಕೆಲಕಾಲ ದಾವೆಯನ್ನು ತಡೆಹಿಡಿಯಬಹುದು. ಆದರೆ ದಾವೆ ಹೂಡುವ ಗಡುವು ನಿಮಗಾಗಿ ನಿಲ್ಲುವುದಿಲ್ಲ. ಸಾವಿನ ಪ್ರಕರಣದಲ್ಲಿ 1855ರ ಮಾರಣಾಂತಿಕ ಅಪಘಾತಗಳ ಕಾಯ್ದೆಯಡಿ ಕುಟುಂಬದವರು ಎರಡು ವರ್ಷದೊಳಗೆ ದಾವೆ ಹೂಡಬೇಕು. ಗಾಯ, ನಷ್ಟದಂಥ ಬಹುತೇಕ ದಾವೆಗಳಿಗೆ ಮೂರು ವರ್ಷ.

ಎರಡು ಎಚ್ಚರಿಕೆಗಳಿವೆ. ಸಿವಿಲ್ ದಾವೆಯಲ್ಲಿ ನೀವು ಬರೆದುಕೊಟ್ಟಿದ್ದು ಪೊಲೀಸರ ಮುಂದೆ ಹೇಳಿದ್ದಕ್ಕೆ ವಿರುದ್ಧವಾಗಿದ್ದರೆ, ಆರೋಪಿಯ ವಕೀಲರು ಪಾಟೀ ಸವಾಲಿನಲ್ಲಿ ಅದನ್ನೇ ಹಿಡಿದುಕೊಳ್ಳುತ್ತಾರೆ. ಆದ್ದರಿಂದ ಎರಡೂ ಕಡೆ ನಡೆದದ್ದನ್ನು ನಡೆದಂತೆಯೇ ಹೇಳಿ. ಜೊತೆಗೆ, ಆರೋಪಿಗೆ ಆಸ್ತಿಪಾಸ್ತಿ ಏನೂ ಇಲ್ಲದಿದ್ದರೆ ಗೆದ್ದರೂ ಹಣ ವಸೂಲಾಗುವುದು ಕಷ್ಟ. ದಾವೆಗೆ ಮುನ್ನ ವಕೀಲರ ಬಳಿ ಇದನ್ನು ಚರ್ಚಿಸಿ.

ಆನ್‌ಲೈನ್ ವಂಚನೆಯಲ್ಲಿ ಹೋದ ಹಣ?

ಇದು ಪರಿಹಾರಕ್ಕಿಂತ ಹೆಚ್ಚಾಗಿ ನಿಮ್ಮ ಹಣವನ್ನೇ ಮರಳಿ ಪಡೆಯುವ ವಿಚಾರ. 1930ಕ್ಕೆ ತಕ್ಷಣ ಕರೆ ಮಾಡಿದರೆ, ವಂಚಕರ ಖಾತೆಯಲ್ಲಿ ಹಣ ಇನ್ನೂ ಉಳಿದಿದ್ದರೆ ಅದನ್ನು ತಡೆಹಿಡಿಯಬಹುದು. ಹಾಗೆ ತಡೆದ ಹಣಕ್ಕಾಗಿ ಕೇಸ್ ಮುಗಿಯುವವರೆಗೆ ಕಾಯದೆ ಮ್ಯಾಜಿಸ್ಟ್ರೇಟ್ ಕೋರ್ಟ್‌ಗೆ ಅರ್ಜಿ ಹಾಕಬಹುದು. ಹೊಸ ಸಂಹಿತೆಯ ಸೆಕ್ಷನ್ 107ರ ಪ್ರಕಾರ, ಅಪರಾಧದಿಂದ ಗಳಿಸಿದ್ದೆಂದು ಕಂಡುಬಂದ ಆಸ್ತಿಯನ್ನು ಸಂತ್ರಸ್ತರಿಗೆ ಹಂಚುವಂತೆ ಕೋರ್ಟ್ ಆದೇಶಿಸಬಹುದು. ಜಿಲ್ಲಾ ಮ್ಯಾಜಿಸ್ಟ್ರೇಟ್ 60 ದಿನಗಳಲ್ಲಿ ಅದನ್ನು ಹಂಚಬೇಕು.

ಖುಲಾಸೆಯಾದರೆ ಹಣ ವಾಪಸ್ ಕೊಡಬೇಕೇ?

ಈ ಮಾತು ಪೂರ್ತಿ ನಿಜವಾಗಿರುವ ಒಂದು ಜಾಗವಿದೆ: ಚೆಕ್ ಬೌನ್ಸ್ ಕೇಸ್. 2018ರಲ್ಲಿ ಸೇರಿಸಿದ ಸೆಕ್ಷನ್ 143ಎ ಪ್ರಕಾರ, ಕೇಸ್ ನಡೆಯುತ್ತಿರುವಾಗಲೇ ಚೆಕ್ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡುವಂತೆ ಕೋರ್ಟ್ ಆರೋಪಿಗೆ ಹೇಳಬಹುದು. ಆದರೆ ಆರೋಪಿ ಖುಲಾಸೆಯಾದರೆ ದೂರುದಾರರು ಅದನ್ನು ಬಡ್ಡಿ ಸಮೇತ ಹಿಂತಿರುಗಿಸಬೇಕು. ಫಾರ್ವರ್ಡ್ ಸಂದೇಶದ ‘ಬಡ್ಡಿ ಸಮೇತ’ ಎಂಬ ಮಾತು ಬಹುಶಃ ಇಲ್ಲಿಂದಲೇ ಬಂದಿರಬೇಕು.

ಸರ್ಕಾರದ ಸಂತ್ರಸ್ತ ಪರಿಹಾರಕ್ಕೆ ಈ ನಿಯಮ ಇಲ್ಲ. ಸಾಕ್ಷ್ಯ ಸಾಲದೆ ಆರೋಪಿ ಬಿಡುಗಡೆಯಾದರೆ ನೀವು ಸುಳ್ಳು ಹೇಳಿದ್ದೀರಿ ಎಂದು ಅರ್ಥವಲ್ಲ. ದೂರೇ ಸುಳ್ಳೆಂದು ಸಾಬೀತಾದಾಗ, ಅಥವಾ ಒಂದೇ ನಷ್ಟಕ್ಕೆ ಎರಡು ಕಡೆಯಿಂದ ಹಣ ಪಡೆದಾಗ ಮಾತ್ರ ವಸೂಲಿ ಅಥವಾ ಹೊಂದಾಣಿಕೆಯ ಪ್ರಶ್ನೆ ಬರುತ್ತದೆ. ಬೇರೆ ಕಡೆಯಿಂದ ಹಣ ಬಂದಿದ್ದರೆ ಅರ್ಜಿಯಲ್ಲಿ ಮುಚ್ಚಿಡದೆ ಬರೆಯಿರಿ.

ಪರಿಹಾರ ಪಡೆದರೆ ರಾಜಿಯಾದಂತೆಯೇ?

ಇಲ್ಲ. ಪ್ರಾಧಿಕಾರದಿಂದ ಅಥವಾ ನ್ಯಾಯಮಂಡಳಿಯಿಂದ ಹಣ ಪಡೆಯುವುದಕ್ಕೂ ರಾಜಿಗೂ ಸಂಬಂಧವಿಲ್ಲ. ಕೇಸ್ ತನ್ನ ಪಾಡಿಗೆ ನಡೆಯುತ್ತದೆ.

ಆದರೆ ಆರೋಪಿಯ ಕಡೆಯವರು ಮನೆಗೆ ಬಂದು ‘ಇಷ್ಟು ತಗೊಳ್ಳಿ, ಸಾಕ್ಷಿ ಹೇಳಬೇಡಿ’ ಎಂದು ಕೊಡುವ ಹಣ ಪರಿಹಾರವಲ್ಲ. ಕಾನೂನು ರಾಜಿಗೆ ಅವಕಾಶ ಕೊಟ್ಟಿರುವುದು ಕೆಲವು ಅಪರಾಧಗಳಿಗೆ ಮಾತ್ರ. ಕೊಲೆ, ಅತ್ಯಾಚಾರ, ಪೋಕ್ಸೊದಂಥ ಪ್ರಕರಣಗಳು ಆ ಪಟ್ಟಿಯಲ್ಲಿಲ್ಲ. ಅಂಥ ಕೇಸಿನಲ್ಲಿ ಅಪರಾಧಿಯನ್ನು ಉಳಿಸಲು ಹಣ ಪಡೆಯುವುದೂ ಅಪರಾಧ, ಕೊಡುವುದೂ ಅಪರಾಧ. ಹಾಗೆಯೇ ‘ಹಣ ಕೊಡದಿದ್ದರೆ ಕ್ರಿಮಿನಲ್ ಕೇಸ್ ಹಾಕುತ್ತೇನೆ’ ಎಂದು ಬೆದರಿಸಿದರೆ ಅದು ನಿಮ್ಮ ಮೇಲೆಯೇ ಸುಲಿಗೆಯ ದೂರಾಗಿ ತಿರುಗಬಹುದು. ಅಧಿಕೃತ ದಾರಿಯಲ್ಲಿ ಕೇಳಿದರೆ ಈ ತೊಂದರೆಗಳು ಬರುವುದಿಲ್ಲ.

ಅರ್ಜಿ ಹಾಕುವುದು ಹೇಗೆ?

ನಿಮ್ಮ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯನ್ನು ವಿಚಾರಿಸಿ. ತಾಲ್ಲೂಕಿನಲ್ಲಿ ಕಾನೂನು ಸೇವೆಗಳ ಸಮಿತಿ ಇರುತ್ತದೆ. ರಾಜ್ಯ ಪ್ರಾಧಿಕಾರದ ಕಚೇರಿ ಬೆಂಗಳೂರಿನ ಸಿದ್ಧಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ. ಹೊರಡುವ ಮೊದಲು ನಾಲ್ಸಾ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು.

ಜೊತೆಗೆ ಇವುಗಳನ್ನು ಇಟ್ಟುಕೊಳ್ಳಿ:

• ಎಫ್‌ಐಆರ್ ಪ್ರತಿ (ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ಇದನ್ನು ಉಚಿತವಾಗಿ ಕೊಡಬೇಕು)
• ಆಸ್ಪತ್ರೆಯ ದಾಖಲೆಗಳು, ಬಿಲ್‌ಗಳು. ಸಾವಾಗಿದ್ದರೆ ಮರಣ ಪ್ರಮಾಣಪತ್ರ ಮತ್ತು ಮರಣೋತ್ತರ ಪರೀಕ್ಷೆಯ ವರದಿ
• ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್
• ಕೆಲಸ, ಆದಾಯ ತಪ್ಪಿದ್ದಕ್ಕೆ ಯಾವುದಾದರೂ ದಾಖಲೆ
• ಚಾರ್ಜ್‌ಶೀಟ್ ಅಥವಾ ಕೋರ್ಟ್ ಆದೇಶ ಆಗಿದ್ದರೆ ಅದರ ಪ್ರತಿ

ಅರ್ಜಿಯಲ್ಲಿ ‘ಮಧ್ಯಂತರ ಪರಿಹಾರ ಕೋರುತ್ತೇನೆ’ ಎಂದು ಸ್ಪಷ್ಟವಾಗಿ ಬರೆಯಿರಿ. ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆಯಿರಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಮತ್ತು ಕಡಿಮೆ ಆದಾಯದವರಿಗೆ ಉಚಿತ ವಕೀಲರ ನೆರವು ಸಿಗುತ್ತದೆ. ‘ಪರಿಹಾರ ಮಾಡಿಸಿಕೊಡುತ್ತೇನೆ, ಇಷ್ಟು ಪರ್ಸೆಂಟ್ ಕೊಡಿ’ ಎನ್ನುವ ಮಧ್ಯವರ್ತಿಗಳು ಬೇಕಿಲ್ಲ.

ಒಂದು ವಿಷಯ ಮೊದಲೇ ತಿಳಿದಿರಲಿ. ನಾಲ್ಸಾ ಯೋಜನೆಯಲ್ಲಿ ಮಂಜೂರಾದ ಹಣದಲ್ಲಿ ಸಾಮಾನ್ಯವಾಗಿ ಶೇ. 75ರಷ್ಟನ್ನು ಕನಿಷ್ಠ ಮೂರು ವರ್ಷ ಬ್ಯಾಂಕ್ ಠೇವಣಿಯಲ್ಲಿಟ್ಟು, ಉಳಿದದ್ದನ್ನು ತಕ್ಷಣದ ಖರ್ಚಿಗೆ ಕೊಡುತ್ತಾರೆ. ಹಣ ಪೂರ್ತಿ ಕೈಗೆ ಬರಲಿಲ್ಲ ಎಂದು ಗಾಬರಿಯಾಗಬೇಡಿ. ಮೊತ್ತ ಕಡಿಮೆ ಎನಿಸಿದರೆ ಜಿಲ್ಲಾ ಪ್ರಾಧಿಕಾರದ ಆದೇಶದ ಮೇಲೆ ರಾಜ್ಯ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ತೀರ್ಪಿನಲ್ಲಿ ಕೋರ್ಟ್ ಕೊಟ್ಟ ಪರಿಹಾರ ಸಾಲದೆನಿಸಿದರೂ ಮೇಲ್ಮನವಿ ಸಲ್ಲಿಸುವ ಹಕ್ಕು ಸಂತ್ರಸ್ತರಿಗಿದೆ.

ನಮ್ಮ ತೀರ್ಮಾನ

ಕೇಸ್ ಮುಗಿಯುವವರೆಗೆ ಪರಿಹಾರ ಸಿಗುವುದಿಲ್ಲ ಎಂಬ ಹೇಳಿಕೆ ಬಹುಪಾಲು ತಪ್ಪು. ಅಪರಾಧಿಯಿಂದ ಬರುವ ಪರಿಹಾರ ತೀರ್ಪಿಗೆ ಕಾಯುತ್ತದೆ. ಸರ್ಕಾರದ ಮಧ್ಯಂತರ ಪರಿಹಾರ, ಉಚಿತ ಚಿಕಿತ್ಸೆ, ಅಪಘಾತ ಪರಿಹಾರದ ಅರ್ಜಿ ಕಾಯುವುದಿಲ್ಲ. ನಿಯಮದಲ್ಲಿರುವ ಹಣ ಎಲ್ಲ ಕಡೆಯೂ ಹೇಳಿದ ದಿನಕ್ಕೇ ಕೈಸೇರುತ್ತದೆ ಎಂದೇನೂ ಅಲ್ಲ. ಕಚೇರಿಗೆ ನಾಲ್ಕು ಬಾರಿ ಅಲೆಯಬೇಕಾಗಬಹುದು. ಆದರೆ ಅರ್ಜಿಯನ್ನೇ ಹಾಕದಿದ್ದರೆ ಆ ಸಾಧ್ಯತೆಯೂ ಇರುವುದಿಲ್ಲ.

ಕೊನೆಯದಾಗಿ, ಹಂಚಿಕೊಳ್ಳುವ ಮುನ್ನ ಒಂದು ಮನವಿ. ಸಹಾಯ ಮಾಡುವ ಉದ್ದೇಶದಿಂದಲೂ ಎಫ್‌ಐಆರ್ ಪ್ರತಿ ಅಥವಾ ಸಂತ್ರಸ್ತರ ಫೋಟೋವನ್ನು ಗುಂಪುಗಳಿಗೆ ಕಳುಹಿಸಬೇಡಿ. ಅತ್ಯಾಚಾರ ಮತ್ತು ಪೋಕ್ಸೊ ಪ್ರಕರಣಗಳಲ್ಲಿ ಸಂತ್ರಸ್ತರ ಗುರುತು ಬಹಿರಂಗಪಡಿಸುವುದು ಅಪರಾಧ. ಅದರ ಬದಲು 15100 ಎಂಬ ಸಂಖ್ಯೆಯನ್ನು ಕಳುಹಿಸಿ. ಅದು ಬೇಕಾದವರು ನಿಮ್ಮ ಗುಂಪಿನಲ್ಲೇ ಇರಬಹುದು.